ಹೊಂಡದ ಅಳತೆ ತಿದ್ದಿದವರು

ಹೋದ ವಾರ ನಮ್ಮ ಓಣಿಯಲ್ಲಿ ನಳದ ಪೈಪಿಗೆಂದು ಅಗೆದು ಗುಡ್ಡೆ ಹಾಕಿದ್ದ ಕೆಂಪು ಮೊರಂ ಮಣ್ಣಿನ ಮೇಲೆ ನಾಲ್ಕು ಹನಿ ಮಳೆ ಬಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ರಸ್ತೆ ಕೆಲಸದ ಸರಕಾರಿ ಓವರ್ಸಿಯರ್ ಸಾಹೇಬರು ಕಣ್ಣ ಮುಂದೆ ಬಂದರು. ತೊಡೆಯವರೆಗೆ ಕೆಂಪು ಕೆಸರು ಮೆತ್ತಿಕೊಂಡು, ಧೋತರ ಎತ್ತಿ ಕಟ್ಟಿ, ಬಿದಿರುಕೋಲು ಹಿಡಿದು ನಿಂತ ಸಾಹೇಬರು...

ಆಗಿನ್ನೂ ಬ್ರಿಟಿಷರ ಕಾಲ, ಎರಡನೇ ಮಹಾಯುದ್ಧದ ಲಡಾಯಿ ನಡೆದಿತ್ತು. ನಾನು ಹಿರೇಬೆಂಡಿಗೇರಿಯಿಂದ ಈ ಊರಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಊರ ಪಕ್ಕದ ಗುಡ್ಡದಲ್ಲಿ ರಸ್ತೆಗಾಗಿ ಮೊರಂ ತೆಗೆಯುವ ಗಣಿ, ಗುಡ್ಡದ ಬುಡಕ್ಕೆ ನಾವು ಕುಡಿಯುವ ನೀರಿನ ಕೆರೆ. ಗಣಿಯ ಮಣ್ಣು ಮಳೆಗೆ ಕೊಚ್ಚಿಕೊಂಡು ಕೆರೆಗೆ ಇಳಿಯಬಾರದೆಂದು ನಡುವೆ ಒಂದು ಹೊಂಡ ತೋಡಿದ್ದರು. ಕೆಂಪು ನೀರು ಅಲ್ಲಿ ನಿಂತು, ಮಣ್ಣು ತಳಕ್ಕೆ ಕೂತು, ತಿಳಿಯಾದದ್ದಷ್ಟೇ ಕಲ್ಲಿನ ಕೋಡಿ ದಾಟಿ ಕೆರೆಗೆ ಬರಬೇಕು. ಬೇಸಿಗೆಯಲ್ಲಿ ಗಣಿಯ ಗುತ್ತಿಗೆದಾರ ಹೊಂಡದ ಹೂಳು ತೆಗೆಸಬೇಕು. ಮಳೆಗೆ ಮುಂಚೆ ಸಾಹೇಬರು ಬಂದು ಅದು ಎಷ್ಟು ನೀರು ಹಿಡಿದೀತೆಂದು ಅಳೆಯುತ್ತಿದ್ದರು.

ಅವರು ಸವಣೂರಿನ ಆಚಾರ್ಯರ ಮನೆತನದವರು. ಬಂದಾಗಲೆಲ್ಲ ನಮ್ಮ ಮನೆಯ ಹೊರಗಿನ ಖೋಲಿಯಲ್ಲಿ ಇಳಿದು ತಾವೇ ಅಡುಗೆ ಮಾಡಿಕೊಳ್ಳುತ್ತಿದ್ದರು. ಒಲೆಯ ಮುಂದೆ ಕೂತು ಶ್ಲೋಕ ಹೇಳುವುದು, ಎಲ್ಲೋ ತಪ್ಪಿದರೆ ಮತ್ತೆ ಮೊದಲಿನಿಂದ ಶುರು. ಅಷ್ಟರಲ್ಲಿ ಸಾರು ಉಕ್ಕಿ ಒಲೆ ಆರಿರುತ್ತಿತ್ತು. ಒಳಗೆ ಅತ್ತೆ ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದಳು.

ಆ ವರ್ಷ ಅಳತೆ ಮುಗಿಸಿ, ವಹಿಯಲ್ಲಿ ಬರೆದು, ಸಹಿ ಹಾಕಿ ಬಂದವರು ಒಲೆ ಹೊತ್ತಿಸುತ್ತ ಅತ್ತೆಗೆ ಹೇಳಿದರು: "ಹೊಂಡ ಬರೋಬ್ಬರಿ ಅದ, ಅವ್ವಾ. ಈ ಮಳಿಗಾಲಕ್ಕ ಚಿಂತಿ ಇಲ್ಲ."

ಅದು ಹಾಗಿಲ್ಲವೆಂದು ನನಗೆ ಗೊತ್ತಿತ್ತು. ಸೆಗಣಿ ಆಯಲು ದಿನವೂ ಆ ಕಡೆ ಹೋಗುತ್ತಿದ್ದ ನಾನು ಕಣ್ಣಾರೆ ನೋಡಿದ್ದೆ. ಕೋಲು ಇಳಿಸಿ ಅಳೆಯುವ ದಂಡೆಗುಂಟ ಮಾತ್ರ ಆಳಕ್ಕೆ ಅಗೆಸಿ, ನಡುವಿನ ಹೂಳನ್ನು ಗುತ್ತಿಗೆದಾರ ಹಾಗೇ ಬಿಟ್ಟಿದ್ದ. ಮೇಲೆ ಬೇಸಿಗೆಯ ಅಡ್ಡಮಳೆಯ ರಾಡಿ ನೀರು ನಿಂತು ಎಲ್ಲ ಮುಚ್ಚಿಹೋಗಿತ್ತು.

ಸೊಸೆಯಾದವಳು ಸರಕಾರಿ ಮಂದಿಯ ಮುಂದೆ ಬಾಯಿ ತೆರೆಯುವ ಕಾಲವಲ್ಲ. ಬಾಗಿಲ ಮರೆಯಲ್ಲಿ ಅತ್ತೆಯ ಕಿವಿಗೆ ಹಾಕಿದೆ. ಅತ್ತೆ ಗಟ್ಟಿಯಾಗಿಯೇ ಅಂದಳು: "ಸಾಹೇಬ್ರ, ನಮ್ಮ ಸೊಸಿ ಏನೋ ಹೇಳಾಕತ್ತಾಳ್ರಿ. ನಡುವಿನ ಹೂಳು ತಗದ ಇಲ್ಲಂತ್ರಿ."

ಬೈಯುತ್ತಾರೆಂದುಕೊಂಡೆ. ಅವರು ಮಾತ್ರ ಉರಿಯುತ್ತಿದ್ದ ಕಟ್ಟಿಗೆಯನ್ನು ಒಲೆಯಿಂದ ಹೊರಗೆಳೆದು, ಕೋಲು ತೆಗೆದುಕೊಂಡು ಹೊರಟೇಬಿಟ್ಟರು.

ನಾವು ಹಿಂದೆಯೇ ಹೋದೆವು. ಸಾಹೇಬರು ದಂಡೆ ಬಿಟ್ಟು ಹೊಂಡದ ನಡುವಿಗೇ ಇಳಿದರು. ಮೇಲಿನ ನೀರು ಗೇಣುದ್ದವೂ ಇರಲಿಲ್ಲ. ಆದರೆ ಕಾಲು ತೊಡೆಯವರೆಗೆ ಹೂಳಿನಲ್ಲಿ ಹೂತಿತು. ಸುದ್ದಿ ತಿಳಿದು ಗುತ್ತಿಗೆದಾರ ಓಡಿಬಂದ.

"ಬರದದ್ದು ಬರದಾತಲ್ರಿ ಸಾಹೇಬ್ರ. ಈಗ ತಿದ್ದಿದ್ರ ನಿಮ್ಮ ಹೆಸರ ಕೆಡತೈತ್ರಿ."

"ತಪ್ಪು ಬರದೀನಪ್ಪಾ," ಎಂದರು ಸಾಹೇಬರು, ಕೆಸರಿನಲ್ಲಿ ನಿಂತುಕೊಂಡೇ. "ಮಳಿ ನನ್ನ ವಹಿ ನೋಡಿ ಬೀಳೂದಿಲ್ಲ."

ದಂಡೆಗೆ ಬಂದು, ಕೈ ಒರೆಸಿಕೊಂಡು, ಬರೆದದ್ದಕ್ಕೆ ಗೀಟು ಹೊಡೆದರು. ತಮ್ಮ ಅಳತೆ ತಪ್ಪಾಗಿದೆಯೆಂದು ಕೆಳಗೆ ಬರೆದು ಸಹಿ ಹಾಕಿದರು. ಹೂಳು ತೆಗೆಯುವವರೆಗೆ ಗಣಿಯ ಕೆಲಸ ಬಂದ್ ಮಾಡಿಸಿ, ದಿನವೂ ಕೊಡೆ ಹಿಡಿದು ದಂಡೆಯ ಮೇಲೆ ಕೂತರು. ರಸ್ತೆ ಕೆಲಸ ನಿಂತಿತೆಂದು ಮೇಲಿನವರಿಗೆ ಸಿಟ್ಟು ಬಂತಂತೆ. ಹೊಂಡ ಬರಿದಾಗುವಷ್ಟರಲ್ಲಿ ಸಾಹೇಬರಿಗೆ ದೂರದ ಖಾನದೇಶಕ್ಕೆ ವರ್ಗವಾಗಿತ್ತು.

ಹೊರಡುವ ದಿನ ಚಕ್ಕಡಿ ಹತ್ತುವ ಮೊದಲು ಬಾಗಿಲ ಕಡೆ ತಿರುಗಿ, ಮೊದಲ ಸಲ ನನಗೇ ಅಂದರು: "ತಂಗೀ, ನೀ ಹೇಳಿದ್ದು ಚೊಲೋ ಆತು. ಇಲ್ಲಾಂದ್ರ ಊರಿಗೆಲ್ಲ ರಾಡಿ ಕುಡಸ್ತಿದ್ದೆ." ನಾನು ತಲೆ ಎತ್ತಲಿಲ್ಲ. ನನ್ನಿಂದ ಅವರಿಗೆ ಹೀಗಾಯಿತಲ್ಲ ಎಂದು ಅಳು ಬಂದಿತ್ತು...

ಆ ಸಲ ಮಳೆ ಎಂಟು ದಿನ ಬಿಡದೆ ಹೊಡೆಯಿತು. ಹೊಂಡ ತುಂಬಿತು, ಕೋಡಿ ಹರಿಯಿತು. ಅತ್ತೆ ಕೆರೆಯಿಂದ ತಂದ ಕೊಡವನ್ನು ಬೆಳಕಿಗೆ ಹಿಡಿದು, "ನೋಡ, ತಳಾ ಕಾಣತೈತಿ," ಎಂದಳು. ಆಮೇಲೆ ಸಾಹೇಬರು ಇಳಿಯುತ್ತಿದ್ದ ಖೋಲಿಯ ಕಡೆ ನೋಡುತ್ತ ಕೊಡ ಇಳಿಸಿದಳು.

ಈಗ ಅತ್ತೆಯೂ ಇಲ್ಲ. ಸಾಹೇಬರು ನೆನಪಾದ ಮೇಲೆ ಮನಸ್ಸು ತಡೆಯದೆ, ಸವಣೂರಿಗೆ ಹೊರಟಿದ್ದ ಮೊಮ್ಮಗನಿಗೆ ವಿಚಾರಿಸಿಕೊಂಡು ಬಾ ಎಂದಿದ್ದೆ. ಅವರು ತೀರಿಕೊಂಡು ಬಹಳ ವರ್ಷವಾಯಿತಂತೆ. ಕೊನೆಕೊನೆಗೂ ಮಳೆಗಾಲ ಬಂತೆಂದರೆ, "ಆ ಊರಿನ ಹೊಂಡ ತಡೀತೋ ಇಲ್ಲೋ," ಎಂದು ಮನೆಯವರನ್ನು ಕೇಳುತ್ತಿದ್ದರಂತೆ.

ನನಗೆ ಬರೆಯಲು ಬರುತ್ತಿರಲಿಲ್ಲ, ನಿಜ. ಆದರೆ ಯಾರಿಂದಲಾದರೂ ಒಂದು ಕಾರ್ಡು ಬರೆಸಬಹುದಿತ್ತು... ತಡೀತ್ರಿ ಸಾಹೇಬ್ರ, ಅಂತ.