ಎಕ್ಸ್‌ಪೈರಿ ಮೇಡಂ

ಶಾಲೆಯ ಕೊನೆಯ ವರ್ಷದವರಿಗೆ ಗ್ರಾಹಕ ಅಧ್ಯಯನ ಕಲಿಸುವ ನಮ್ಮ ಎಕ್ಸ್‌ಪೈರಿ ಮೇಡಂ, ಸ್ಟಾಫ್ ರೂಮಿನಲ್ಲಿ ಯಾರು ಬಿಸ್ಕತ್ತು ಕೊಟ್ಟರೂ ಮೊದಲು ಪೊಟ್ಟಣ ಮಗುಚಿ ತಾರೀಖು ನೋಡುತ್ತಾರೆ. ಕೊಟ್ಟವರ ಮುಖ ಆಮೇಲೆ. ಸೋರಿದ ಕೊಡೆಯನ್ನು ಅಂಗಡಿಯವನ ತಲೆಯ ಮೇಲೆಯೇ ಬಿಚ್ಚಿ, ಒಂದು ಚೊಂಬು ನೀರು ಸುರಿದು ತೋರಿಸಿ, ಹೊಸದು ತಂದ ಗಟ್ಟಿಗಿತ್ತಿ. “ಅಗತ್ಯ ಬೇರೆ, ಆಸೆ ಬೇರೆ ಕಣ್ರೋ! ಮೋಸ ಕಂಡ್ರೆ ಬಾಯಿಬಿಟ್ಟು ಕೇಳಿ, ಅದು ನಿಮ್ಮ ಹಕ್ಕು” ಎನ್ನುವುದು ತರಗತಿಯಲ್ಲಿ ಅವರ ಪಲ್ಲವಿ. ಅಂಥವರು ದಿನಾ ಊಟದ ಗಂಟೆಗೆ ಮೊದಲೇ ಶಾಲೆಯ ಕ್ಯಾಂಟೀನಿಗೆ ಓಡಿ ಚೀಲದ ತುಂಬ ಬಿಸ್ಕತ್ತು ಕೊಳ್ಳುತ್ತಾರೆ. “ಮಿಸ್ ಆಸೆ ನೋಡ್ರೋ” ಎಂದು ಮಕ್ಕಳು ನಗುತ್ತಾರೆ. ಅವೆಲ್ಲ ತಾರೀಖು ಮೀರಿದ ಪೊಟ್ಟಣಗಳು. ಕ್ಯಾಂಟೀನು ಹೆಡ್‌ಮಾಸ್ಟರ ಭಾವಮೈದುನನದು, ಮೇಡಂ ಕೆಲಸ ಇನ್ನೂ ಕಾಯಂ ಆಗಿಲ್ಲ. ಕಾಯಂ ಆದವರ ಬಾಯಿಗೂ ಬೀಗವೇ. ಬೇಡಿಕೆ ಚೆನ್ನಾಗಿದೆಯೆಂದು ಆ ಪುಣ್ಯಾತ್ಮ ಹಳೇ ಸರಕನ್ನೇ ಇನ್ನಷ್ಟು ತರಿಸುತ್ತಾನೆ. ಮೇಡಂ ಅದನ್ನೆಲ್ಲ ಪುಡಿಮಾಡಿ ಹಿತ್ತಲ ಕಸದ ತೊಟ್ಟಿಗೆ ಸುರಿಯುವುದನ್ನು ನಾನು ಕಂಡಿದ್ದೇನೆ, ಒಬ್ಬ ಹುಡುಗಿಯೂ ಕಂಡಿರಬೇಕು. ಮೊನ್ನೆಯ ಪರೀಕ್ಷೆಯಲ್ಲಿ ‘ಕೆಟ್ಟ ಸರಕು ಕಂಡರೆ ಗ್ರಾಹಕರು ಏನು ಮಾಡಬೇಕು?’ ಎಂಬ ಪ್ರಶ್ನೆಗೆ ಅವಳು ‘ಯಾರಿಗೂ ಹೇಳದೆ ತಾವೇ ಕೊಂಡು ಬಿಸಾಡಬೇಕು’ ಎಂದು ಬರೆದಿದ್ದಳು. ಮೇಡಂ ಆ ಹಾಳೆಯನ್ನು ನನ್ನತ್ತ ತಳ್ಳಿ, “ನೋಡಿ, ಕಲಿತುಬಿಟ್ಟಿದಾಳೆ” ಎಂದರು. ಆಮೇಲೆ ಕೆಂಪು ಪೆನ್ನಿನಿಂದ ದುಂಡಗೆ ಸೊನ್ನೆ ಸುತ್ತಿ, ಗಂಟೆ ಹೊಡೆಯುವುದರೊಳಗೆ ಚೀಲ ಎತ್ತಿಕೊಂಡು ಕ್ಯಾಂಟೀನಿಗೆ ಹೊರಟರು.