ಸುಡದೆ ತಂದ ಕಟ್ಟುಹಾವು

ಮಗಳ ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಯಾರೋ ಕಪ್ಪೆಯಿದ್ದ ಬಾಟಲಿಯ ಮುಚ್ಚಳ ತೆಗೆದರು. ಫಾರ್ಮಾಲಿನ್ ಘಾಟು ಮೂಗಿಗೆ ಬಡಿದದ್ದೇ ತಡ, ಗುಂಡ್ಲುಪೇಟೆಯ ಪಿಯುಸಿ ಲ್ಯಾಬು, ಜೀವಶಾಸ್ತ್ರದ ಮೇಡಂ, ಎಲ್ಲ ಕಣ್ಣ ಮುಂದೆ ಬಂತು. ಹೊರಗೆ ಬಂದುಬಿಟ್ಟೆ.

ಇಸವಿ ಎರಡು ಸಾವಿರ ದಾಟಿದ ಮೊದಮೊದಲ ವರ್ಷಗಳ ಮಾತು. ನಮ್ಮ ಕಡೆ ಹಾವು ಹೊಡೆದರೆ ಸುಟ್ಟುಬಿಡಬೇಕು. ಇಲ್ಲದಿದ್ದರೆ ಹಗೆ ಹಿಡಿದು ಬರುತ್ತದೆ ಎಂಬ ಭಯ. ಅದನ್ನು ಕೇಳಿದರೆ ಮೇಡಂಗೆ ಸಿಟ್ಟು. "ಸುಡಬೇಡ್ರೋ, ನಂಗೆ ತಂದ್ಕೊಡಿ" ಅನ್ನುತ್ತಿದ್ದರು. ಹಾಗೆ ಬಂದ ಚೇಳು, ಜರಿ, ಓತಿಕ್ಯಾತಗಳಿಂದ ಕಪಾಟು ತುಂಬಿತ್ತು. ಬೆನ್ನುಮೂಳೆ ಇದ್ದವು ಮೇಲಿನ ಹಲಗೆಗೆ, ಇಲ್ಲದವು ಕೆಳಗೆ.

ಒಂದು ಬೆಳಿಗ್ಗೆ ಹರವೆ ಕಡೆಯ ಸಹಪಾಠಿಯೊಬ್ಬ, ಅರಿಸಿನದ ಹೊಲದಲ್ಲಿ ಅವರಪ್ಪ ಹೊಡೆದಿದ್ದ ಕಟ್ಟುಹಾವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದ.

"ಸತ್ತೋಯ್ತು ಮೇಡಂ, ಅಪ್ಪ ಚೆನ್ನಾಗ್ ಬಡ್ದವ್ರೆ."

ಹಲ್ಲು ತೋರಿಸಲೆಂದು ಮೇಡಂ ಅದರ ಬಾಯಿ ಬಿಡಿಸಿದರು. ಅದು ಬೆರಳು ಕಚ್ಚಿಕೊಂಡಿತು.

ನೋವೇ ಇಲ್ಲ ಅಂದರು. ನನಗೆ ಭಯವಾದದ್ದು ಆಗಲೇ. ಇದರ ವಿಷ ಗೊತ್ತೇ ಆಗದಂತೆ ಏರುತ್ತದೆ. ಮೊದಲು ರೆಪ್ಪೆ, ಆಮೇಲೆ ನಾಲಿಗೆ, ಕೊನೆಗೆ ಉಸಿರು ಎಂದು ನರಮಂಡಲದ ಪಾಠದಲ್ಲಿ ಹೇಳಿದ್ದವರು ಅವರೇ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು. ಉಸಿರಾಟದ ಯಂತ್ರ ಬೇಕಾದೀತು, ಮೈಸೂರಿಗೆ ಕರೆದುಕೊಂಡು ಹೋಗಿ ಎಂದರು. ಜೀಪಿನ ಮುಂದೆ ಪ್ರಿನ್ಸಿಪಾಲರು, ಹಿಂದೆ ಮೇಡಂ ಪಕ್ಕ ನಾನು.

"ನನ್ ರೆಪ್ಪೆ ನೋಡ್ತಾ ಇರು ಕಣಮ್ಮಿ. ಇಳುದ್ರೆ ಹೇಳ್ಬುಡು, ಮುಚ್ಚಿಡಬೇಡ."

ನನ್ನೂರು ಬೇಗೂರು ಬಂತು, ಹೋಯಿತು. ಕಿಟಕಿಯಾಚೆ ತಿರುಗಿಯೂ ನೋಡಲಿಲ್ಲ. ದೇವರೇ, ಇಳಿಯದಿರಲಿ, ಇಳಿಯದಿರಲಿ... ಇಳಿಯಿತು.

"ಇಳೀತಾ ಅವೆ ಮೇಡಂ" ಅಂದೆ.

ತಲೆಯಾಡಿಸಿದರು. ಏನೋ ಹೇಳಹೊರಟರು, ನಾಲಿಗೆ ತೊದಲಿತು. ನನ್ನ ಕೈ ಹಿಡಿದು ಒತ್ತಿದರು. ಕೊನೆಯವರೆಗೂ ಒಳಗೆ ಎಚ್ಚರವಿರುತ್ತದೆ ಎಂದೂ ಅವರೇ ಹೇಳಿದ್ದರಲ್ಲ. ನಂಜನಗೂಡಿಗೆ ಮೊದಲೇ ಹಿಡಿತ ಸಡಿಲವಾಯಿತು. ಮೈಸೂರು ಮುಟ್ಟುವಷ್ಟರಲ್ಲಿ ಮೇಡಂ ಇರಲಿಲ್ಲ.

"ಸುಟ್ಟಾಕಿದ್ರೆ ಆ ಮಾತಾಯಿ ಉಳ್ಕತಿದ್ರು ಕಣಮ್ಮಿ" ಎಂದು ಅವ್ವ ಅತ್ತಳು. ಹಗೆ ಗಿಗೆ ಏನೂ ಇಲ್ಲ ಎನ್ನಲು ಬಾಯಿ ತೆರೆದೆ. ಅವಳ ಜೊತೆ ನಾನೂ ಅತ್ತುಬಿಟ್ಟೆ.

ಮೇಡಂ ಹೋಗಿ ಎಷ್ಟೋ ವರ್ಷವಾಯಿತು. ಪ್ರದರ್ಶನ ಮುಗಿಸಿ ಬರುವಾಗ ಬಸ್ಸಿನಲ್ಲಿ ಮಗಳು ನನ್ನ ಭುಜಕ್ಕೊರಗಿ ತೂಕಡಿಸಿದಳು. ಕಣ್ಣು ಮೆಲ್ಲಗೆ ಮುಚ್ಚುತ್ತಿತ್ತು. ತಡೆಯಲಾಗದೆ ಅಲ್ಲಾಡಿಸಿ ಎಬ್ಬಿಸಿಬಿಟ್ಟೆ.

"ಏನಮ್ಮಾ ನೀನು, ನಿದ್ದೆ ಮಾಡಕ್ಕೂ ಬಿಡಲ್ಲ!" ಎಂದು ರೇಗಿದಳು.

ರೇಗಲಿ. ಮಾತು ತೊದಲಲಿಲ್ಲವಲ್ಲ.