ಟಾಪು ನೆಗ್ಗಿದ ಚಿಕ್ಕ ಕಾರು

ನಮ್ಮ ಕಾರು ಹೋದ ವಾರ ಗುಜರಿಗೆ ಹೋಯಿತು. ಬಿಳಿ ಬಣ್ಣದ ಚಿಕ್ಕ ಕಾರು, ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಅದೇ. ಅದು ಬರುವ ಮೊದಲು ತಿಪಟೂರಿನಲ್ಲಿ ಕಾರೆಂದರೆ ದೊಡ್ಡ ಸಾಹುಕಾರರ ಮನೆಯ ಮಾತು. ಬಂದಮೇಲೆ ನಮ್ಮಪ್ಪಾಜಿಯಂಥ ಸಣ್ಣ ಕೊಬ್ಬರಿ ವ್ಯಾಪಾರಿಯೂ ಸೆಕೆಂಡ್ ಹ್ಯಾಂಡ್ ಒಂದನ್ನು ತಂದು ಅಂಗಳದಲ್ಲಿ ನಿಲ್ಲಿಸಿಕೊಂಡರು. ತುರುವೇಕೆರೆ ದಾರಿಯಲ್ಲಿ ಕೆಟ್ಟು ನಿಂತರೆ ಪಂಕ್ಚರ್ ಅಂಗಡಿಯವನೂ ಸರಿಮಾಡಿ ಕಳಿಸುತ್ತಿದ್ದ. ಬೆಳಿಗ್ಗೆ ಚೋಕ್ ಎಳೆಯದೆ ಸ್ಟಾರ್ಟ್ ಆಗುತ್ತಿರಲಿಲ್ಲ. ಆಮೇಲೆ ಚೋಕ್ ಇಲ್ಲದ ಮಾಡೆಲ್ ಬಂತು, ಎ.ಸಿ. ಬಂತು, ಕೊನೆಗೆ ಆ ಕಾರಿನ ತಯಾರಿಯೇ ನಿಂತಿತು. ನಮ್ಮದು ಮಾತ್ರ ಚೋಕ್ ಎಳೆಸಿಕೊಂಡೇ ಮುದಿಯಾಯಿತು.

ಅದನ್ನು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡಿಸುತ್ತಿದ್ದವಳು ಅಕ್ಕ. ಆಗ ಡಿಗ್ರಿ ಓದುತ್ತಿದ್ದಳು. ಅಪ್ಪಾಜಿ ಕುಳ್ಳು, ಅವಳು ಎತ್ತರ. ಡ್ರೈವರ್ ಸೀಟನ್ನು ಕೊನೆಯವರೆಗೂ ಹಿಂದಕ್ಕೆ ತಳ್ಳಿ, ರಾಣಿಯ ಹಾಗೆ ಕೂರುತ್ತಿದ್ದಳು. ಹಾಲ್ಕುರಿಕೆಯ ನಮ್ಮ ತೋಟಕ್ಕೆ ಹೋಗುವಾಗ ಹಿಂದಿನ ಸೀಟಿನಲ್ಲಿ ಅವಳ ತಂಗಿ ನಾನು ಹೊಟ್ಟೆಕಿಚ್ಚಿನಿಂದ ಉರಿಯುತ್ತಿದ್ದೆ.

ಎಸ್ಸೆಸ್ಸೆಲ್ಸಿ ಮುಗಿದ ರಜೆಯಲ್ಲಿ ಒಂದು ಮಧ್ಯಾಹ್ನ ತೋಟದಲ್ಲಿ ಅಕ್ಕನ ಬ್ಯಾಗಿನಿಂದ ಕೀ ಕದ್ದೆ. ಸೀಟು ಮುಂದಕ್ಕೆಳೆದುಕೊಂಡು ಹತ್ತು ಮಾರು ಓಡಿಸಿದೆನೋ ಇಲ್ಲವೋ, ಗಾಡಿ ಒಂದು ತೆಂಗಿನ ಮರದ ಬುಡದಲ್ಲಿ ಆಫ್ ಆಯಿತು. ನಮ್ಮ ಸೀಮೆಯಲ್ಲಿ ತೆಂಗಿನ ಬುಡದಲ್ಲಿ ಹಸುವನ್ನೂ ಕಟ್ಟುವುದಿಲ್ಲ. ಆದರೆ ಅದು ಮೂರು ದಿನದ ಹಿಂದಷ್ಟೇ ಕಾಯಿ ಕೆಡವಿದ ಮರ, ಖಾಲಿ ಎಂದುಕೊಂಡೆ. ಗರಿಯ ಮರೆಯಲ್ಲಿ ಒಂದು ಉಳಿದಿತ್ತು. ನಾನು ಇಳಿದು ಬಾಗಿಲು ಹಾಕಿದ್ದೇ ತಡ, ದಢಾರನೆ ಬಿತ್ತು. ಟಾಪು ಬೋಗುಣಿಯ ಹಾಗೆ ನೆಗ್ಗಿತು.

ಮೊದಲು ಓಡಿಬಂದವಳು ಅಕ್ಕ. ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಕೀ ಕಸಿದುಕೊಂಡಳು. ಹಿಂದೆಯೇ ಅಪ್ಪಾಜಿ ಬಂದರು.

“ಯಾರೇ ಇಲ್ಲಿ ನಿಲ್ಸಿದ್ದು?”

“ನಾನೇ ಅಪ್ಪಾಜಿ” ಎಂದಳು ಅಕ್ಕ.

ಅಪ್ಪಾಜಿ ಬಾಗಿಲು ತೆಗೆದು ಒಳಗೆ ನೋಡಿದರು. ಅಕ್ಕನ ಮುಂದೆ ಕೈ ಚಾಚಿದರು. “ಕೊಡು ಕೀನ. ಇನ್ಮೇಲೆ ಇದ್ನ ಮುಟ್ಬೇಡ.”

ನಾನು ಬಾಯಿ ಬಿಡಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಅಕ್ಕನನ್ನು ಚಿಕ್ಕನಾಯಕನಹಳ್ಳಿಗೆ ಕೊಟ್ಟೆವು. ಭಾವನ ಹತ್ತಿರ ಇದೇ ಕಾರಿನ ಹೊಸ ಮಾಡೆಲ್ ಇತ್ತು. ಭಾವ ಓಡಿಸುತ್ತಿದ್ದರು, ಅಕ್ಕ ಎಡಗಡೆ ಕೂರುತ್ತಿದ್ದಳು. ತಿರುವು ಬಂದಾಗಲೆಲ್ಲ ಅವಳ ಬಲಗಾಲು ಬ್ರೇಕ್ ಇರದ ಜಾಗವನ್ನು ಒತ್ತುತ್ತಿತ್ತು. ಹಿಂದಿನ ಸೀಟಿನಿಂದ ನಾನು ನೋಡಿದ್ದೇನೆ. ಒಂದು ಸಲ, “ಅಪ್ಪಾಜಿಗೆ ನಿಜ ಹೇಳ್ಬುಡ್ತೀನಿ ಕಣಕ್ಕ” ಎಂದೆ. “ಬುಡು ಅತ್ಲಾಗೆ, ನಂಗೆ ಡ್ರೈವಿಂಗೇ ಮರ್ತೋಗಿದೆ ಕಣೇ” ಎಂದು ನಕ್ಕಳು. ಆ ನಗುವನ್ನು ನಂಬಿಕೊಂಡರೆ ನನಗೇ ಅನುಕೂಲ, ನಂಬಿದೆ. ಹೋದ ವರ್ಷ ಕಾಯಿಲೆಯಲ್ಲಿ ಅಕ್ಕ ತೀರಿಕೊಂಡಳು.

ಗುಜರಿಯವನು ಬರುವ ದಿನ ತಡೆಯಲಾಗದೆ ಅಪ್ಪಾಜಿಗೆ ಹೇಳಿಬಿಟ್ಟೆ. ಅವರು ಆಶ್ಚರ್ಯಪಡಲಿಲ್ಲ.

“ಅವತ್ತೇ ಗೊತ್ತಿತ್ತು ಕಣವ್ವ. ಸೀಟು ಪೂರ್ತಿ ಮುಂದಕ್ಕಿತ್ತು. ಅವ್ಳ ಕಾಲು ಅಲ್ಲಿ ಹಿಡಿಸ್ತಿತ್ತಾ?”

“ಮತ್ತೆ ಅವಳ ಕೈಯಿಂದ ಕೀ ಯಾಕೆ ಕಿತ್ಕೊಂಡ್ರಿ?”

“ಕೊಬ್ಬರಿ ಮಂಡೀಲಿ ಆಡ್ಕೊಳ್ಳೋರು. ಮಗಳು ಕಾರು ಓಡುಸ್ತಾ ತಿರುಗ್ತಾಳೆ, ಗಂಡು ಯಾರು ಬತ್ತಾರೆ ಅಂತ. ನಂಗೊಂದು ನೆಪ ಬೇಕಿತ್ತು. ಸಿಕ್ತು.”

ಅವರ ಮೇಲೆ ರೇಗಬೇಕೆಂದು ಬಾಯಿ ತೆರೆದೆ. ಆ ನೆಪ ಒದಗಿಸಿದವಳು ನಾನೇ. ಅಳು ಬಂತು. ಅಪ್ಪಾಜಿಯೂ ಅತ್ತರು.

ಗುಜರಿಯವನು ಕಾರಿಗೆ ಹಗ್ಗ ಕಟ್ಟುತ್ತಿದ್ದ. ನಾನು ಡ್ರೈವರ್ ಬಾಗಿಲು ತೆಗೆದೆ. ಇಷ್ಟು ವರ್ಷವೂ ಸೀಟು ಅಪ್ಪಾಜಿಯ ಅಳತೆಗೇ ನಿಂತು ತುಕ್ಕು ಹಿಡಿದಿತ್ತು. ಕೆಳಗಿನ ಸರಳು ಎತ್ತಿಹಿಡಿದು, ಭುಜ ಕೊಟ್ಟು ನೂಕಿದೆ.

“ಗುಜರಿಗೆ ಹೋಗೋ ಗಾಡಿ, ಸೀಟ್ ಯಾಕಕ್ಕ ಸರಿಮಾಡ್ತೀರಾ?” ಎಂದ ಅವನು.

ಅದು ಕಿರ್ರೆಂದು ಕೊನೆಯವರೆಗೂ ಹಿಂದಕ್ಕೆ ಸರಿಯುವ ತನಕ ನೂಕಿದೆ. ಅಕ್ಕನ ಕಾಲಿಗೆ ಅಷ್ಟು ಜಾಗ ಬೇಕಿತ್ತು.